ಸೀಗಡಿಯ ಹುಳ, ಕಲ್ಮೇಶನ ಹೊಟ್ಟೆ

ಒಂದೇ ದಿನ ಹೊಂಡಕ್ಕೆ ಬಿಟ್ಟ ಎರಡು ಸೀಗಡಿಗಳು ಒಂದೇ ಅಳತೆಗೆ ಬೆಳೆಯದೆ ಹೋದದ್ದೇ ಕಲ್ಮೇಶನ ಆ ದಿನದ ಫಜೀತಿಗೆಲ್ಲ ಮೂಲ.

ಬೆಳಗ್ಗೆ ಎದ್ದವನೇ ಹೊಂಡದ ದಂಡೆಗೆ ಹೋಗಿ, ನೀರಿನಲ್ಲಿ ಇಳಿಬಿಟ್ಟಿದ್ದ ಮೇವಿನ ತಟ್ಟೆ ಮೇಲೆತ್ತಿ ನೋಡಿದ. ಒಂದು ಸೀಗಡಿ ಪೈಲ್ವಾನನ ಹೆಬ್ಬೆರಳಿನಷ್ಟು ದಪ್ಪ. ಅದರ ಪಕ್ಕದ್ದು ದೀಪದ ಬತ್ತಿಯಷ್ಟು. ಇನ್ನೊಮ್ಮೆ ಎತ್ತಿದ. ಮತ್ತೆ ಹಾಗೇ. ಒಂದೇ ಪಂಗತಿಯಲ್ಲಿ ಕೂತು ಉಂಡವರಲ್ಲಿ ಅರ್ಧ ಜನರಿಗೆ ಬಡಿಸುವವ ಬರೀ ಸೌಟು ತೋರಿಸಿ ಹೋದಂತೆ ಕಾಣುತ್ತಿತ್ತು. ಏನೋ ರೋಗವೇ ಇರಬೇಕೆಂದು ಕಲ್ಮೇಶನಿಗೆ ಸಂಶಯ ಬಂತು.

ಹಿಪ್ಪರಗಿಯ ಹೊರಗಿದ್ದ ಅವನ ಹೊಲ ಕಬ್ಬಿನ ಹೆಸರಲ್ಲಿ ವರ್ಷಗಟ್ಟಲೆ ನೀರು ಕುಡಿದೂ ಕುಡಿದೂ ಸವಳು ಹಿಡಿದಿತ್ತು. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಕೂತು, ಯಾರೋ ರಂಗೋಲಿ ಹಿಟ್ಟಿನ ಚೀಲ ಒಡೆದು ಹೋದಂತೆ ಕಾಣುತ್ತಿತ್ತು. ಜೋಳ ಬಿತ್ತಿದರೆ ಜೋಳ ಏಳಲಿಲ್ಲ, ಕಬ್ಬು ನೆಟ್ಟರೆ ಕಬ್ಬು ನಿಲ್ಲಲಿಲ್ಲ. ಉಪ್ಪು ನೀರಿಗೆ ಸೀಗಡಿ ಛಲೋ ಬರುತ್ತದೆಂದು ಕೇಳಿ ಹೊಂಡ ತೋಡಿಸಿದ. ಮೀನು ಮಾಂಸ ಮುಟ್ಟದ ಮನೆತನ; ಊರವರು ಮೂಗು ಮುರಿದರು. ಆಗ ಮನೆಯ ಹಿರಿಯ, ಕಾಕಾ ಬಸಗೊಂಡಪ್ಪ, ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಿದ್ದ: "ತಂಬಾಕ ಬೆಳದವ ಎಲ್ಲಾ ತಾನ ಸೇದತಾನೇನ? ಬೆಳಿ, ಮಾರು, ಕೈ ತೊಳಕೊ."

ಮಾರುವ ದಿನ ಇವತ್ತೇ. ಮಿರಜದ ವ್ಯಾಪಾರಿ ಶಶಿಕಾಂತ ಸಂಜೆಗೆ ಬರ್ಫದ ಗಾಡಿ ತರುವವನಿದ್ದ. ಅವನದು ಒಂದೇ ಷರತ್ತು: ಮಾಲಿಗೆ ರೋಗ ಇರಬಾರದು. ರೋಗದ ಸುದ್ದಿ ಕಿವಿಗೆ ಬಿದ್ದರೂ ಗಾಡಿ ತಿರುಗಿಸುವ ಮನುಷ್ಯ.

ಕಲ್ಮೇಶ ಜಮಖಂಡಿಯ ಶೀತಲಳಿಗೆ ಫೋನು ಹಚ್ಚಿದ. ಮೀನು ಸೀಗಡಿಗಳ ವಿಷಯವನ್ನೇ ಓದಿ ಬಂದು, ಜಮಖಂಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಲ್ಯಾಬು ಇಟ್ಟವಳು. ಹೊಲದಲ್ಲಿ ಫೋನಿಗೆ ರೇಂಜು ಸಿಗುವುದು ಹೊಂಡದ ದಂಡೆಯ ಮೇಲೆ ಮಾತ್ರ. ಅಲ್ಲಿ ನೀರಿಗೆ ಗಾಳಿ ಹೊಡೆಯುವ ಚಕ್ರ ಗಿರಣಿಯಂತೆ ಗದ್ದಲ ಹಾಕುತ್ತಿತ್ತು. ಒದರದೆ ವಿಧಿಯಿರಲಿಲ್ಲ.

"ಮೇಡಂ, ಹೊಟ್ಟಿಯೊಳಗ ಹುಳ ಇರಬಹುದಂತೀರೇನ್ರೀ? ಏನಂದ್ರೀ? ಕಣ್ಣಿಗೆ ಕಾಣಂಗಿಲ್ಲಾ? ಬೆಳವಣಗಿ ನಿಂತ ಹೋಗತೈತಾ? ಏನ ಹೆಸರಂದ್ರೀ? ಇ.ಎಚ್.ಪಿ.? ಆತ್ರಿ, ತಗೊಂಡ ಬರತೀನ್ರಿ!"

ಫೋನು ಇಟ್ಟು ತಿರುಗಿದರೆ ಹಿಂದೆಯೇ ಹುಲೆಪ್ಪ ಬೇವಿನ ಕಡ್ಡಿ ಅಗಿಯುತ್ತ ನಿಂತಿದ್ದ. ಹುಲೆಪ್ಪ ಬಾಜೂ ಹೊಲದವ, ನಿವೃತ್ತ ಬಸ್ ಕಂಡಕ್ಟರ್. ಆಯುಷ್ಯವೆಲ್ಲ ತುಂಬಿದ ಬಸ್ಸಿನಲ್ಲಿ ಊರಿನ ಹೆಸರು ಕೂಗಿದ ಗಂಟಲು ಅದು. ಅವನು ಗುಟ್ಟು ಹೇಳಿದರೆ ಆಚೆ ದಂಡೆಯ ದನ ಬೆದರುತ್ತಿದ್ದವು.

"ಎಷ್ಟ ಎಚ್.ಪಿ. ತರಾಕ ಹೊಂಟಿ?" ಎಂದ ಹುಲೆಪ್ಪ. "ಐದು ಎಚ್.ಪಿ. ಮೋಟರ ತಗೋಬ್ಯಾಡ, ದಮ್ಮಿಲ್ಲ ಅದಕ್ಕ. ಅದ ಇರಲಿ, ಯಾರ ಹೊಟ್ಟಿಯೊಳಗ ಹುಳಾ?"

ಕಲ್ಮೇಶನಿಗೆ ಒಮ್ಮೆಲೇ ಬೆವರೊಡೆಯಿತು. ಸೀಗಡಿಗೆ ಹುಳ ಅಂದರೆ ಈ ಮನುಷ್ಯನ ಬಾಯಿಂದ ಅದು ಮಧ್ಯಾಹ್ನದೊಳಗೆ ಮಿರಜ ಮುಟ್ಟುತ್ತದೆ. ಬಾಯಿಗೆ ಬಂದದ್ದು ಆಡಿಬಿಟ್ಟ.

"ನಂದ ಹುಲೆಪ್ಪಣ್ಣಾ, ನನ್ನ ಹೊಟ್ಟಿಯೊಳಗ. ಯಾರ ಮುಂದನೂ ಹೇಳಬ್ಯಾಡ ಮತ್ತ."

"ಛೇ ಛೇ, ನಾ ಯಾಕ ಹೇಳಲಿ?" ಎಂದು ಹುಲೆಪ್ಪ ಸರಸರ ಊರ ಕಡೆ ಹೆಜ್ಜೆ ಹಾಕಿದ.

ಕಲ್ಮೇಶ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹೊಂಡದ ನೀರು ತುಂಬಿ, ದಪ್ಪ ಸಣ್ಣ ಎರಡೂ ನಮೂನೆಯ ಸೀಗಡಿ ಬಿಟ್ಟು, ಅವು ಸಾಯದಂತೆ ಗುಳ್ಳೆ ಎಬ್ಬಿಸುವ ಬ್ಯಾಟರಿ ಯಂತ್ರ ಹಚ್ಚಿ, ಎಲ್ಲವನ್ನೂ ಒಂದು ಬ್ಯಾಗಿನಲ್ಲಿಟ್ಟು ಮನೆಗೆ ಬರುವಷ್ಟರಲ್ಲಿ ಅಂಗಳದಲ್ಲಿ ಜನ ಕೂಡಿದ್ದರು.

ಹೆಂಡತಿ ಗಂಗಾಂಬಿಕಾ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. "ರೀ, ಹುಲೆಪ್ಪಣ್ಣಗ ಹೇಳತೀರಿ, ನನಗ ಹೇಳಂಗಿಲ್ಲೇನು? ಮೊನ್ನೆ ಎರಡ ರೊಟ್ಟಿಗೇ ಸಾಕಂದಾಗನ ನನಗ ಸಂಶೆ ಬಂದಿತ್ತು."

ಖರೆ ಸಂಗತಿಯನ್ನು ಅವಳಿಗಾದರೂ ಹೇಳಿಬಿಡಲೇ ಎಂದು ಕಲ್ಮೇಶನಿಗೆ ಅನ್ನಿಸಿತು. ಆದರೆ ಅವಳು ತಂಗಿಗೆ ಹೇಳದೆ ನೀರೂ ಕುಡಿಯುವವಳಲ್ಲ, ಆ ತಂಗಿಯೋ ರಬಕವಿಯಲ್ಲಿ ಬಳೆ ಅಂಗಡಿ ಇಟ್ಟವಳು. ಬಾಯಿ ಮುಚ್ಚಿಕೊಂಡ.

ಬಾಯಿ ಮುಚ್ಚಿಕೊಂಡವನ ಗಲ್ಲ ಹಿಡಿದು ಬಾಯಿ ತೆರೆಸಿದವಳು ಎದುರು ಮನೆಯ ಶಿವವ್ವ. ಮುದುಕಿಯ ಕೈಯಲ್ಲಿ ಬಟ್ಟಲ ತುಂಬ ಔಡಲೆಣ್ಣೆ. "ಕುಡಿಯೋ ನನ್ನಪ್ಪ. ನಿಮ್ಮಪ್ಪಗೂ ನಾನ ಕುಡಿಸಿದ್ದೆ. ಹುಳ ಅನ್ನೂದು ಗಂಟಮೂಟೆ ಕಟಗೊಂಡ ಹೋಗತಾವ."

"ಆಯೀ, ಈಗ ಬ್ಯಾಡಬೇ, ನಾ ಗಾಡಿ ಮ್ಯಾಲ..."

ಉಳಿದ ಮಾತು ಎಣ್ಣೆಯ ಜೊತೆ ಒಳಗೆ ಹೋಯಿತು.

ಅಷ್ಟರಲ್ಲಿ ಬಸಗೊಂಡಪ್ಪ ತಲೆಗೆ ಪಟಗ ಸುತ್ತಿಕೊಂಡು, ಕೋಲು ಹಿಡಿದು ತಯಾರಾಗಿಯೇ ಹೊರಬಿದ್ದ. "ನಡಿ. ಜಮಖಂಡಿಗೆ ನಾನೂ ಬರತೀನಿ. ನೀ ಒಬ್ಬನ ಹೋದರ ಗುಳಿಗಿ ತಗೊಂಡು ನುಂಗದ ಬರಾವ."

"ಕಾಕಾ, ನಿಮಗ್ಯಾಕ ತ್ರಾಸು..."

"ಗಾಡಿ ಚಾಲೂ ಮಾಡು."

ಬ್ಯಾಗನ್ನು ಬೈಕಿನ ಪೆಟ್ರೋಲ್ ಟಾಕಿಯ ಮೇಲೆ ಹೊಟ್ಟೆಗೆ ಒತ್ತಿಟ್ಟುಕೊಂಡು, ಹಿಂದೆ ಕಾಕಾನನ್ನು ಕೂಡಿಸಿಕೊಂಡು ಕಲ್ಮೇಶ ಹೊರಟ. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತೆಂದು ಗಾಡಿ ನಿಲ್ಲಿಸಿದ. ಇಂಜಿನ್ ಬಂದಾದ ಕೂಡಲೇ ಸದ್ದು ಸ್ಪಷ್ಟ ಕೇಳತೊಡಗಿತು. ಗುಳುಗುಳು, ಗುಳುಗುಳು.

ಬಸಗೊಂಡಪ್ಪ ಕಿವಿಯನ್ನು ಕಲ್ಮೇಶನ ಬೆನ್ನಿಗೆ ಹಚ್ಚಿದ. "ಲೇ ಕಲ್ಮೇಶ, ನಿನ್ನ ಹೊಟ್ಟಿ ಕುದಿಯಾಕತ್ತೈತಲ್ಲೋ!"

"ಹಸಿವಿ ಕಾಕಾ."

"ಹಸಿವಿ ಅಲ್ಲೋ ಹುಚ್ಚಾ. ಹುಳ ಮಾತಾಡಾಕತ್ತಾವ. ಒಂದೆರಡಲ್ಲ, ಸಂತಿನ ಕೂಡೇತಿ ಒಳಗ."

ಕಲ್ಮೇಶ ನಕ್ಕುಬಿಡುತ್ತಿದ್ದ. ಆದರೆ ಅದೇ ಗಳಿಗೆಗೆ ಶಿವವ್ವನ ಔಡಲೆಣ್ಣೆ ತನ್ನ ಕೆಲಸ ಶುರು ಮಾಡಿತು. ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಬ್ಯಾಗನ್ನು ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿಸಿ, ಒಂದು ಮಾತೂ ಆಡದೆ, ಬೇಟೆ ನಾಯಿ ಬೆನ್ನು ಹತ್ತಿದ ಮೊಲದಂತೆ ಕಬ್ಬಿನೊಳಗೆ ನುಗ್ಗಿದ.

ಬಸಗೊಂಡಪ್ಪ ಗಾಡಿಯ ಪಕ್ಕ ನಿಂತ. ಕಲ್ಮೇಶ ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿದ್ದರೂ ಸದ್ದು ಮಾತ್ರ ಅಷ್ಟೇ ಜೋರಾಗಿ ಕೇಳುತ್ತಿತ್ತು. ಗುಳುಗುಳು, ಗುಳುಗುಳು. ಮುದುಕನ ಕಣ್ಣಲ್ಲಿ ನೀರು ಬಂತು.

"ಯಪ್ಪಾ ಶಿವನೇ! ಇಲ್ಲೀತನ ಕೇಳಸಾಕತ್ತೈತಲ್ಲೋ! ತಮ್ಮಾ, ಜೀವ ಗಟ್ಟಿ ಹಿಡಿ! ನೀರ ಬೇಕೇನು? ಬ್ಯಾಗಿನ್ಯಾಗ ಡಬ್ಬಿ ಇದ್ದಂಗ ಐತಿ, ತರಲೇನು?"

"ಆ ನೀರ ಬ್ಯಾಡ ಕಾಕಾ! ಅದನ್ನ ಮುಟ್ಟಬ್ಯಾಡ್ರಿ!" ಎಂದು ಕಬ್ಬಿನೊಳಗಿಂದ ಪ್ರಾಣ ಹೋಗುವವನಂಥ ಕೂಗು ಬಂತು.

ಜಮಖಂಡಿ ಮುಟ್ಟುವುದರೊಳಗೆ ಇಂಥ ಯಾತ್ರೆ ಇನ್ನೆರಡು ಆದವು. ಲ್ಯಾಬಿನ ಮೆಟ್ಟಿಲು ಹತ್ತುವಾಗ ಕಲ್ಮೇಶನ ಕಾಲು ಎಳೆಗರುವಿನ ಕಾಲಿನಂತೆ ಅದುರುತ್ತಿದ್ದವು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಬಸಗೊಂಡಪ್ಪನಿಗೆ ಬೋರ್ಡು ಓದಲಾಗಲಿಲ್ಲ. ದವಾಖಾನೆಯೇ ಇರಬೇಕೆಂದುಕೊಂಡು ಹೊರಗಿನ ಬಾಕಿನ ಮೇಲೆ ಕೂತು, ಕಣ್ಣು ಮುಚ್ಚಿ ಲಿಂಗ ಹಿಡಿದ.

ಒಳಗೆ ಶೀತಲ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲು ಪೂರಾ ಮುಚ್ಚಿರಲಿಲ್ಲ. ಹೊರಗೆ ಕೂತವನ ಕಿವಿಗೆ ಮಾತು ಮಾತೂ ಬಿದ್ದವು.

"ಜೀವಂತ ಬಂದದ್ದು ಛಲೋ ಆತ್ರಿ," ಎಂದಳು ಶೀತಲ. "ಮೊದಲ ತಲಿ ಕತ್ತರಸೂಣು."

"ತಲಿನ ಯಾಕ್ರಿ ಮೇಡಂ? ಹುಳ ಹೊಟ್ಟಿಯೊಳಗ ಅಂದಿದ್ರಿ."

"ಯಕೃತ್ತು ತಲಿಯೊಳಗನ ಇರತೈತ್ರಿ. ಹುಳ ಸೇರೂದು ಅಲ್ಲೇ. ಅದನ್ನ ಹೊರಗ ತಗದು, ನುಣ್ಣಗ ಅರದು, ಗಾಜಿನ ಮ್ಯಾಲ ಹಚ್ಚಿ ನೋಡತೀನಿ."

ಕಲ್ಮೇಶನದು ಮೆತ್ತನೆಯ ಜೀವ. "ನೋವ ಆಗತೈತೇನ್ರಿ?"

"ಬರ್ಫದಾಗ ಇಟ್ಟ ಬಿಟ್ರ ಏನೂ ಗೊತ್ತಾಗಂಗಿಲ್ರಿ. ಉಳದದ್ದನ್ನ ಹಿಂದ ತಗ್ಗ ತೋಡಿ ಹುಗದ ಬಿಡತೀವಿ."

ಬಾಗಿಲು ಧಡಾರನೆ ತೆರೆಯಿತು. ಬಸಗೊಂಡಪ್ಪನ ಪಟಗ ಬಿಚ್ಚಿ ಹೆಗಲಿಗೆ ಬಿದ್ದಿತ್ತು, ಕೋಲು ಮೇಲೆದ್ದಿತ್ತು. "ಏ ತಂಗೀ, ಚಾಕು ಕೆಳಗಿಡು! ನಮ್ಮ ಹುಡುಗಗ ಹೇಂತಿ ಅದಾಳ, ಮಕ್ಕಳ ಅದಾವ! ಹುಳ ಇದ್ರ ಇರಲಿ, ಅವನೂ ಬಾಳೇವು ಮಾಡಲಿ, ಅವೂ ಬಾಳೇವು ಮಾಡಲಿ!"

ಶೀತಲ ಕೈಯಲ್ಲಿ ಪುಟ್ಟ ಕತ್ತರಿ ಹಿಡಿದು ಬೆಪ್ಪಾಗಿ ನಿಂತಳು. ಕಲ್ಮೇಶ ನೆಲ ನೋಡಿದ. ಡಬ್ಬಿಯೊಳಗಿನ ಯಂತ್ರ ಗುಳುಗುಳು ಎಂದಿತು.

ಬಸಗೊಂಡಪ್ಪ ಡಬ್ಬಿಯ ಹತ್ತಿರ ಬಂದು ಕಿವಿಗೊಟ್ಟ. ಆಮೇಲೆ ಕಲ್ಮೇಶನ ಹೊಟ್ಟೆಯ ಹತ್ತಿರ ಬಾಗಿ ಕಿವಿಗೊಟ್ಟ. ಮತ್ತೆ ಡಬ್ಬಿ. ನಿಧಾನಕ್ಕೆ ಅವನ ಮೀಸೆ ಕುಣಿಯತೊಡಗಿತು.

ಕಲ್ಮೇಶ ಎಲ್ಲ ಬಿಚ್ಚಿ ಹೇಳಿದ. ಕಾಕಾ ಬೈಯುತ್ತಾನೆಂದು ತಲೆ ಬಾಗಿಸಿಯೇ ನಿಂತಿದ್ದ. ಕಾಕಾ ಮಾತ್ರ ಕುರ್ಚಿಯ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. "ಸೀಗಡಿ ರೋಗಕ್ಕ ನೀ ಎಣ್ಣಿ ಕುಡದಿ! ನಿನ್ನಂಥಾ ರೈತ ಜಗತ್ತಿನ್ಯಾಗ ಇಲ್ಲಲೇ!"

ಶೀತಲ ಕೆಲಸಕ್ಕೆ ಕೂತಳು. ಸೂಕ್ಷ್ಮದರ್ಶಕದ ಕೆಳಗೆ ಗಾಜು ಇಟ್ಟು ಬಹಳ ಹೊತ್ತು ನೋಡಿದಳು. ಕಾಕಾಗೂ ಆಸೆ. "ನಾನೂ ನೋಡಲೇನವ್ವಾ?" ಎಂದು ಕಣ್ಣಿಟ್ಟವ ಗಾಬರಿಯಾಗಿ ಹಿಂದೆ ಸರಿದ. "ಯವ್ವಾ, ಕಂಬಳಿ ಹುಳ! ಮೈತುಂಬ ಕೂದಲ!"

"ಅದು ನಿಮ್ಮ ಕಣ್ಣರೆಪ್ಪಿ ರೀ ಅಜ್ಜಾರ," ಎಂದು ಶೀತಲ ನಕ್ಕಳು. ಆಮೇಲೆ ಕಲ್ಮೇಶನ ಕಡೆ ತಿರುಗಿ, "ಇದರಾಗ ಏನೂ ಕಾಣವಲ್ದು ಖರೆ. ಆದ್ರ ಈ ಹುಳ ಭಾಳ ಸಣ್ಣದು, ಇಲ್ಲಿ ತಪ್ಪಿಸಿಕೋತೈತಿ. ಆ ಮೂಲ್ಯಾಗಿನ ಯಂತ್ರದಾಗ ಹಾಕಿ ಅದರ ವಂಶದ ಗುರುತು ಹುಡುಕಬೇಕು. ಅಂದ್ರ ಖಾತ್ರಿ. ಸಂಜಿಗೆ ನಾನ ಫೋನ್ ಮಾಡತೀನಿ. ಇದ್ರೂ ಅಂಜಬ್ಯಾಡ್ರಿ, ಮನುಷ್ಯಾರಿಗೆ ಇದರಿಂದ ಏನೂ ಆಗಂಗಿಲ್ಲ, ಸೀಗಡಿ ಬೆಳವಣಗಿ ಅಷ್ಟ ಕುಂಠಿತ ಆಗತೈತಿ," ಎಂದಳು.

ಮೆಟ್ಟಿಲು ಇಳಿಯುವಾಗ ಗಂಗಾಂಬಿಕಾಳ ಫೋನು ಬಂತು. ಕಲ್ಮೇಶ ತಡವರಿಸುವುದನ್ನು ಕಂಡು ಬಸಗೊಂಡಪ್ಪ ಫೋನು ಕಸಿದುಕೊಂಡ. ವ್ಯಾಪಾರ ಮುಗಿಯುವ ತನಕ ಗುಟ್ಟು ಬಿಡಬಾರದೆಂದು ಅವನೂ ಈಗ ನಿಶ್ಚಯ ಮಾಡಿದ್ದ. ಜನ್ಮದಲ್ಲಿ ಸುಳ್ಳಾಡದ ಮನುಷ್ಯ. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರಲಿಲ್ಲ.

"ತಪಾಸ ಮಾಡ್ಯಾರವ್ವಾ. ಹುಳ ಭಾಳ ಸಣ್ಣವಂತ, ಕಣ್ಣಿಗೆ ಕಾಣಂಗಿಲ್ಲಂತ. ಎಲ್ಲಿಂದ ಬಂದ್ವಾ? ನೀರಿನ್ಯಾಗಿಂದ ಇರಬೇಕವ್ವಾ. ಹೂಂ, ನಿಂತ ನೀರಿನ್ಯಾಗಿಂದನ. ನೀ ಚಿಂತಿ ಮಾಡಬ್ಯಾಡ."

ಫೋನು ಇಟ್ಟು ಮೀಸೆ ತಿರುವಿದ. "ಹ್ಯಾಂಗ ಹೇಳಿದ್ನಿ?"

"ಛಲೋ ಹೇಳಿದ್ರಿ ಕಾಕಾ," ಎಂದ ಕಲ್ಮೇಶ, ಪಾಪ, ಮನಸಾರೆ.

ಇಬ್ಬರೂ ಖಾನಾವಳಿಯಲ್ಲಿ ರೊಟ್ಟಿ ಉಂಡರು. ಉಂಡದ್ದು ಕಾಕಾ, ಕಲ್ಮೇಶ ಬರೀ ಮಜ್ಜಿಗೆ ಕುಡಿದ. ಬಿಸಿಲು ಇಳಿದ ಮೇಲೆ ಹಿಪ್ಪರಗಿ ಮುಟ್ಟಿದರೆ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮುಧೋಳದ ಅತ್ತೆ, ಬೀಳಗಿಯ ಷಡ್ಡಕ, ರನ್ನ ಬೆಳಗಲಿಯ ಬೀಗರು, ಯಾರು ಯಾರೋ ಬಾಳೆಹಣ್ಣು, ಎಳನೀರು ಹಿಡಿದು ಬಂದಿದ್ದರು. ಗುಂಪಿನ ಒಂದು ಬದಿಗೆ ಶಶಿಕಾಂತನ ಬರ್ಫದ ಗಾಡಿ. ಶಶಿಕಾಂತ ಟೊಪ್ಪಿಗೆ ಕೈಯಲ್ಲಿ ಹಿಡಿದು, ಮಣ್ಣಿಗೆ ಬಂದವನಂತೆ ಮುಖ ಮಾಡಿ ನಿಂತಿದ್ದ.

ಕಲ್ಮೇಶ ಬೈಕಿನಿಂದ ಇಳಿಯುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಶೀತಲ. ಜನರ ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದ.

"ಕಲ್ಮೇಶರ, ಛಲೋ ಸುದ್ದಿ! ನಿಮ್ಮ ಸೀಗಡಿಯೊಳಗ ಆ ಹುಳದ ಸುಳಿವೂ ಇಲ್ಲ! ಮೇವು ಒಂದ ಬಾಜೂ ಬೀಳಾಕತ್ತೈತಿ ಅನಸತೈತಿ, ಅದಕ್ಕ ಕೆಲವು ಸಣ್ಣ ಉಳದಾವ. ಹೊಂಡದ ಸುತ್ತ ಚೆಲ್ರಿ. ಬಿಂದಾಸ ಮಾರ್ರಿ!"

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿದಂತಾಯಿತು. ಕಲ್ಮೇಶ ಕಟ್ಟೆಯ ಮೇಲೆ ಹತ್ತಿ ನಿಂತು, ಹೊಳೆಯ ಬ್ಯಾರೇಜಿನ ಆಚೆಗೂ ಕೇಳುವಂತೆ ಒದರಿದ.

"ಕೇಳ್ರೆಪ್ಪೋ! ನನಗ ಏನೂ ಆಗಿಲ್ಲ! ಹುಳ ಇರಬಹುದು ಅಂತ ಸಂಶೆ ಇದ್ದದ್ದು ಸೀಗಡಿ ಮ್ಯಾಲ. ಲ್ಯಾಬಿನವರು ತಪಾಸ ಮಾಡ್ಯಾರ. ಒಂದೂ ಹುಳ ಇಲ್ಲ! ನನ್ನ ಸೀಗಡಿ ಬಂಗಾರದಂಗ ಅದಾವ! ಯಾರರ ತಿನ್ರಿ, ಯಾರರ ಮಾರ್ರಿ, ಏನೂ ಅಂಜಿಕಿ ಇಲ್ಲ!"

ಚಪ್ಪಾಳೆ ಬೀಳುತ್ತದೆಂದುಕೊಂಡಿದ್ದ. ಬೀಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. "ಒಂದೂ ಇಲ್ಲಂತ," ಎಂದ ಯಾರೋ ಮೆಲ್ಲಗೆ. ಹುಲೆಪ್ಪ ಎಳನೀರು ಕೆಳಗಿಟ್ಟು, ಅಲ್ಲೇ ಇದ್ದ ಖಾಲಿ ಬಕೇಟು ಎತ್ತಿಕೊಂಡು ಹಿಂದೆ ಹಿಂದೆ ಸರಿದ. ಮುಧೋಳದ ಅತ್ತೆಯ ಮೊಮ್ಮಕ್ಕಳು ಚಾದರ ಎಳೆದುಕೊಂಡು ಓಡಿದರು. ಎಣಿಸಿ ಎರಡು ಉಸಿರಿನಲ್ಲಿ ಅಂಗಳ ಖಾಲಿ. ಉಳಿದವರು ಕಲ್ಮೇಶ, ಕಾಕಾ, ಗಂಗಾಂಬಿಕಾ, ಶಶಿಕಾಂತ. ಒಂದು ಮೂಲೆಯಲ್ಲಿ ಶಿವವ್ವ, ಇನ್ನೊಂದು ಬಟ್ಟಲು ಎಣ್ಣೆಯ ಜೊತೆ.

"ಎಲ್ಲಾರೂ ಎಲ್ಲಿಗೆ ಹೋದ್ರು?" ಎಂದ ಕಲ್ಮೇಶ ನಗುತ್ತ.

ಗಂಗಾಂಬಿಕಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಹಳ್ಳಕ್ಕ ಹೋಗಿರಬೇಕ್ರಿ."

"ಹಳ್ಳಕ್ಕ ಯಾಕ?"

"ಮಾವಾರು ಹೇಳಿದ್ರಲ್ರಿ, ನಿಂತ ನೀರಿನ್ಯಾಗಿಂದ ಹುಳ ಬಂದಾವ ಅಂತ. ನೀವು ದಿನಾ ನಡುಮಟ ಇಳಿಯೂದು ಆ ಹೊಂಡದಾಗನ. ನನ್ನ ತಮ್ಮ ಪ್ರಭುಲಿಂಗ ಬನಹಟ್ಟಿಯಿಂದ ಜೆಸಿಬಿ ತಗೊಂಡ ಬಂದ. ಹೊಂಡದ ಒಡ್ಡು ಒಡಿಸಿ ಬಿಟ್ಟೇನ್ರಿ. ಗಂಡ ದೊಡ್ಡಾವೋ ಹೊಂಡ ದೊಡ್ಡದೋ? ಸೀಗಡಿ ಎಲ್ಲಾ ಬಾಜೂ ಹಳ್ಳಕ್ಕ ಹೋಗ್ಯಾವ್ರಿ. ರೋಗದ ಮಾಲು ಅಂತ ಮಧ್ಯಾನ್ನದಿಂದ ಒಬ್ಬರೂ ಮುಟ್ಟಿರಲಿಲ್ಲ. ದಂಡಿ ಮ್ಯಾಲ ನಿಂತು ಬರೇ ನೋಡಾಕತ್ತಿದ್ರು."

ಕಲ್ಮೇಶನಿಗೆ ಬೈಯಬೇಕೆನ್ನಿಸಿತು. ಯಾರಿಗೆ ಬೈಯುವುದು? ತನಗಾಗಿ ಹೊಂಡವನ್ನೇ ಒಡೆಸಿದವಳಿಗೇ? ಅವನು ಕಾಕಾನ ಕಡೆ ನೋಡಿದ. ಕಾಕಾ ಆಕಾಶದ ಕಡೆ ನೋಡುತ್ತಿದ್ದ.

ಅಷ್ಟರಲ್ಲಿ ಗಾಡಿ ಚಾಲೂ ಆದ ಸದ್ದು. ಶಶಿಕಾಂತ ತಿರುಗಿ ಮಿರಜಕ್ಕೆ ಹೊರಟನೆಂದುಕೊಂಡರೆ ಗಾಡಿಯ ಮುಖ ಹಳ್ಳದ ಕಡೆ ಇತ್ತು.

ಕಲ್ಮೇಶ ಓಡುತ್ತ ಹೋಗಿ ಮುಟ್ಟಿದಾಗ ಹಳ್ಳದಲ್ಲಿ ಅರ್ಧ ಹಿಪ್ಪರಗಿ ಇಳಿದಿತ್ತು. ಚಾದರ, ಸೊಳ್ಳೆ ಪರದೆ, ಹಿಟ್ಟು ಸೋಸುವ ಜಾಳಿಗೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ಸೀಗಡಿ ಬಾಚುತ್ತಿದ್ದರು. ಪ್ರಭುಲಿಂಗ ಪ್ಯಾಂಟು ಮಡಚಿ ನಡುನೀರಿನಲ್ಲಿ ನಿಂತಿದ್ದ. "ಮಾಮಾ, ಆರಾಮಾದ್ರೇನ್ರಿ?" ಎಂದು ಸಂತೋಷದಿಂದ ಕೈ ಬೀಸಿದ.

ದಂಡೆಯ ಮೇಲೆ ಶಶಿಕಾಂತ ತಕ್ಕಡಿ ತೂಗುಹಾಕಿ, ಬಂದ ಬಂದವರ ಬಕೇಟು ತೂಗಿ ಬರ್ಫದ ಪೆಟ್ಟಿಗೆಗೆ ಸುರುವುತ್ತಿದ್ದ.

"ಶಶಿಕಾಂತರ, ಇವು ನನ್ನ ಸೀಗಡಿ ರೀ!"

"ಹೌದ್ರಿ, ಅದಕ್ಕ ತಗೊಳ್ಳಾಕತ್ತೇನಿ," ಎಂದ ಶಶಿಕಾಂತ, ತಕ್ಕಡಿಯಿಂದ ಕಣ್ಣು ತೆಗೆಯದೆ. "ಹುಳ ಇಲ್ಲ ಅಂತ ನೀವ ಹೇಳಿದ್ರಲ್ಲ. ನಿಮ್ಮ ಮಾತಿನ ಮ್ಯಾಲ ನನಗ ಪೂರ್ತಿ ಭರೋಸಾ ಐತಿ."

"ಹಂಗಲ್ಲೋ ಕಲ್ಮೇಶ," ಎಂದು ಹುಲೆಪ್ಪ ತುಂಬಿದ ಬಕೇಟು ಹೊತ್ತು ಮೇಲೆ ಬಂದ. "ಹಳ್ಳಕ್ಕ ಬಿದ್ದದ್ದು ಹಿಡದಾವಂದು. ಅಜ್ಜ ಮುತ್ಯಾರ ಕಾಲದಿಂದ ಹಂಗ ನಡದೈತಿ. ಒಟ್ಟ ನೀ ಉಳದಿಯಲ್ಲ, ಅಷ್ಟ ಸಾಕು."

ಹಿಂದಿನಿಂದ ಗಂಗಾಂಬಿಕಾ ಬಂದಳು. ಕೈಯಲ್ಲೊಂದು ಬುಟ್ಟಿ, ಹಳೆಯ ಸೀರೆಯ ತುಂಡು. ಬಸಗೊಂಡಪ್ಪ ಆಗಲೇ ಧೋತರ ಎತ್ತಿ ಕಟ್ಟಿ ನೀರಿಗೆ ಇಳಿಯುತ್ತಿದ್ದ. ಕಲ್ಮೇಶ ನಿಟ್ಟುಸಿರು ಬಿಟ್ಟು ಚಪ್ಪಲಿ ಕಳಚಿದ. ಗಂಡ ಹೆಂಡತಿ ಸೀರೆಯ ಎರಡು ತುದಿ ಹಿಡಿದು, ಕಾಕಾ ಕೋಲಿನಿಂದ ನೀರು ಬಡಿದು ಅಟ್ಟಿ, ಹೊತ್ತು ಮುಳುಗುವುದರೊಳಗೆ ಹೇಗೋ ಒಂದು ಬುಟ್ಟಿ ತುಂಬಿಸಿದರು.

ಕಲ್ಮೇಶ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ನೀರು ಸುರಿಸಿಕೊಳ್ಳುತ್ತ, ದಂಡೆ ಹತ್ತಿ ನೇರ ತಕ್ಕಡಿಯ ಮುಂದೆ ಬಂದು ನಿಂತ.

ಶಶಿಕಾಂತ ತಲೆಯೆತ್ತಿ ನೋಡಿ, ಕೈಯಿಂದ ಹಿಂದಕ್ಕೆ ತೋರಿಸಿದ.

"ಸಾಲಿನ್ಯಾಗ ಬರ್ರಿ ಕಲ್ಮೇಶರ. ನಿಮಗಿಂತ ಮೊದಲ ಬಂದಾವರು ನಿಂತಾರ."